ಚೀಪುವ ಅಭ್ಯಾಸವೂ ಅದನ್ನು ಬಿಡಿಸುವ ಬಗೆಯೂ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಜಡೆ ಎಂಬುದೊಂದು ಹೋಬಳಿಯ ಊರು. ಆ ಊರಿನಲ್ಲಿ ಪರಿಚಿತರೊಬ್ಬರ ಮನೆಗೆ ಒಂದು ಸಂಜೆ ನಾವು ಹೋಗಿದ್ದೆವು. ಜಗಲಿಯ ಮೇಲೆ ಎರಡೂವರೆ ವರ್ಷದ ಗಂಡುಮಗುವೊಂದು ಬಾಯಲ್ಲಿ ರಬ್ಬರಿನ ತೊಟ್ಟನ್ನು ಚೀಪುತ್ತ, ಮರದ ಗಾಡಿಯೊಂದನ್ನು ಎಳೆದಾಡುತ್ತಿತ್ತು. ನಾವು ಅದರ ಹೆಸರು ಕೇಳಿದೆವು. ಮಗು ತೊಟ್ಟನ್ನು ತೆಗೆಯದೆಯೇ ಏನನ್ನೋ ಹೇಳಿತು; ನಮಗೆ ಒಂದಕ್ಷರವೂ ತಿಳಿಯಲಿಲ್ಲ.

“ಮೂರು ತುಂಬಿದರೆ ಅಂಗನವಾಡಿಗೆ ಕಳಿಸಬೇಕು. ಇದನ್ನು ಕಚ್ಚಿಕೊಂಡೇ ಹೋಗುತ್ತಾನೋ ಏನೋ” ಎಂದು ತಾಯಿ ಚಿಂತೆಪಟ್ಟರು. “ಬೇವಿನ ಸೊಪ್ಪು ಅರೆದು ಹಚ್ಚಿದರೆ ಮೂರು ದಿನಕ್ಕೆ ಬಿಡುತ್ತಾನೆ. ಇವನ ಅಪ್ಪನಿಗೆ ಎದೆಹಾಲು ಬಿಡಿಸಿದ್ದೂ ಹಾಗೆಯೇ” ಎಂದರು ಅಜ್ಜಿ. “ಅದೆಲ್ಲ ಯಾಕೆ? ಬಾವಿಗೆ ಎಸೆದರೆ ಒಂದೇ ದಿನದಲ್ಲಿ ಮುಗಿಯಿತು” ಎಂದರು ಸೋದರಮಾವ. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕ ಇದನ್ನೆಲ್ಲ ಕೇಳುತ್ತ ನಿಂತಿದ್ದವಳು, “ನೀವು ವಿಜ್ಞಾನದ ವಿಷಯ ಬರೆಯುವವರಲ್ಲವೇ? ಇದನ್ನು ಬಿಡಿಸಲೇಬೇಕೇ? ಬಿಡಿಸಬೇಕಾದರೆ ಸರಿಯಾದ ದಾರಿ ಯಾವುದು?” ಎಂದು ನಮ್ಮನ್ನೇ ಕೇಳಿದಳು.

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಉತ್ತರ ಸಣ್ಣದಲ್ಲ. ಶರೀರಶಾಸ್ತ್ರ, ದಂತವೈದ್ಯ, ಮನೋವಿಜ್ಞಾನ ಈ ಮೂರನ್ನೂ ಅದು ಮುಟ್ಟುತ್ತದೆ. ಅಂದು ಜಗಲಿಯ ಮೇಲೆ ಕುಳಿತು ನಾವು ಆರಂಭಿಸಿದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ಮನೆಯಲ್ಲಿ ಪುಟ್ಟ ತಮ್ಮತಂಗಿಯರಿರುವ ವಿದ್ಯಾರ್ಥಿಗಳಿಗೆ ಇದರಿಂದ ಪ್ರಯೋಜನವಾದೀತು.

ಮೊದಲು ಹೆಸರಿನ ಮಾತು. ಅಂಗಡಿಯಲ್ಲಿ ‘ನಿಪ್ಪಲ್’ ಎಂದು ಕೇಳಿದರೆ ಹಾಲಿನ ಬಾಟಲಿಗೆ ಹಾಕುವ ರಬ್ಬರನ್ನೂ ಕೊಡುತ್ತಾರೆ, ಹಾಲಿಲ್ಲದೆ ಬರಿದೇ ಚೀಪಲು ಕೊಡುವ ತೊಟ್ಟನ್ನೂ ಕೊಡುತ್ತಾರೆ. ಎರಡೂ ಒಂದೇ ಅಲ್ಲ. ಗೊಂದಲವಾಗದಿರಲೆಂದು ಎರಡನೆಯದನ್ನು ಈ ಲೇಖನದಲ್ಲಿ ‘ಚೀಪುತೊಟ್ಟು’ ಎಂದು ಕರೆಯೋಣ.

ಹುಟ್ಟಿನಿಂದ ಬಂದ ಕ್ರಿಯೆ

ಈಗ ತಾನೇ ಹುಟ್ಟಿದ ಕೂಸಿನ ಕೆನ್ನೆಯನ್ನು ಬೆರಳಿನಿಂದ ಮೆಲ್ಲನೆ ಸವರಿದರೆ ಅದು ಆ ಕಡೆಗೇ ತಲೆ ತಿರುಗಿಸಿ ಬಾಯಿ ತೆರೆಯುತ್ತದೆ. ಶುಚಿಯಾದ ಬೆರಳು ಅದರ ಅಂಗುಳಕ್ಕೆ ತಾಕಿದರೆ ಕೂಡಲೇ ಚೀಪತೊಡಗುತ್ತದೆ. ಯಾರೂ ಕಲಿಸದೆ, ಯೋಚನೆಯ ನೆರವಿಲ್ಲದೆ ನಡೆಯುವ ಇಂಥ ಕ್ರಿಯೆಗಳಿಗೆ ಪರಾವರ್ತಿತ ಪ್ರತಿಕ್ರಿಯೆಗಳೆಂದು ಹೆಸರು. ಕಣ್ಣಿಗೆ ಧೂಳು ಬಿದ್ದಾಗ ರೆಪ್ಪೆ ಮುಚ್ಚುವುದೂ, ಬಿಸಿ ಪಾತ್ರೆ ತಾಕಿದಾಗ ಕೈ ಹಿಂದಕ್ಕೆ ಬರುವುದೂ ಈ ಜಾತಿಯವೇ.

ಚೀಪುವ ಕ್ರಿಯೆ ಹುಟ್ಟಿಗಿಂತ ಮೊದಲೇ ಆರಂಭವಾಗುತ್ತದೆಂಬುದು ಸ್ವಾರಸ್ಯವಾದ ಸಂಗತಿ. ಶ್ರವಣಾತೀತ ಧ್ವನಿಯ ಯಂತ್ರದಲ್ಲಿ, ಎಂದರೆ ಸ್ಕ್ಯಾನಿಂಗ್‌ನಲ್ಲಿ, ಸುಮಾರು 15 ವಾರಗಳ ಭ್ರೂಣವು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡಿರುವುದನ್ನು ವೈದ್ಯರು ಕಂಡಿದ್ದಾರೆ. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದಕ್ಕೊಂದು ಅಡ್ಡಿಯಾಗದೆ ಹೊಂದಿಕೊಂಡು ನಡೆಯಬೇಕಾದರೆ ಗರ್ಭಕ್ಕೆ 32ರಿಂದ 34 ವಾರಗಳಾಗಬೇಕು. ಅದಕ್ಕಿಂತ ಬಹಳ ಮೊದಲು ಹುಟ್ಟಿದ ಕೂಸಿಗೆ ನಳಿಕೆಯ ಮೂಲಕ ಹಾಲು ಕೊಡಬೇಕಾಗುವುದು ಈ ಕಾರಣದಿಂದಲೇ.

ಶಿಶುವು ಎರಡು ಬಗೆಯಲ್ಲಿ ಚೀಪುತ್ತದೆ. ಹಾಲು ಬರುತ್ತಿರುವಾಗ ಸುಮಾರು ಸೆಕೆಂಡಿಗೆ ಒಂದು ಸಲ, ನಡುನಡುವೆ ನುಂಗುತ್ತ ಚೀಪುತ್ತದೆ. ಹಾಲಿಲ್ಲದ ವಸ್ತುವನ್ನು ಚೀಪುವಾಗ ವೇಗ ಹೆಚ್ಚು: ಸೆಕೆಂಡಿಗೆ ಸುಮಾರು ಎರಡು ಸಲ. ಒಂದಿಷ್ಟು ಸಲ ಚೀಪಿ, ಸ್ವಲ್ಪ ನಿಲ್ಲಿಸಿ, ಮತ್ತೆ ಚೀಪುತ್ತದೆ. ಎರಡರ ಲಯವೇ ಬೇರೆಯಾಗಿರುವುದರಿಂದ ಚೀಪುವುದು ಹೊಟ್ಟೆ ತುಂಬಿಸಿಕೊಳ್ಳುವುದಕ್ಕೆ ಮಾತ್ರವಲ್ಲ ಎಂದು ಊಹಿಸಬಹುದು.

ಈ ಊಹೆಯನ್ನು ಅಮೆರಿಕದ ವೈದ್ಯ ಡೇವಿಡ್ ಲೆವಿ ನಾಯಿಮರಿಗಳ ಮೇಲೆ ಪರೀಕ್ಷಿಸಿ 1934ರಲ್ಲಿ ಪ್ರಕಟಿಸಿದನು. ಕೆಲವು ಮರಿಗಳಿಗೆ ದೊಡ್ಡ ರಂಧ್ರದ ತೊಟ್ಟಿನಿಂದ ಬೇಗ ಬೇಗ ಹಾಲು ಕುಡಿಸಿದನು. ಕೆಲವಕ್ಕೆ ಸಣ್ಣ ರಂಧ್ರದ ತೊಟ್ಟಿನಿಂದ ನಿಧಾನವಾಗಿ ಕುಡಿಸಿದನು. ಬೇಗ ಕುಡಿದ ಮರಿಗಳು ಹೊಟ್ಟೆ ತುಂಬಿದ್ದರೂ ತಮ್ಮ ಪಂಜವನ್ನೂ ಒಂದರ ಮೈಯನ್ನೊಂದನ್ನೂ ಹೆಚ್ಚಾಗಿ ಚೀಪುತ್ತಿದ್ದವು. ಹಸಿವೆ ಬೇರೆ, ಚೀಪುವ ಬಯಕೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚೀಪುವಾಗ ಶಿಶುವಿನ ಅಳು ಇಳಿಯುತ್ತದೆ, ಮೈಯ ತಳಮಳ ಕಡಿಮೆಯಾಗುತ್ತದೆ. ರಕ್ತಪರೀಕ್ಷೆಗೆಂದು ಹಿಮ್ಮಡಿಗೆ ಸೂಜಿ ಚುಚ್ಚುವಾಗ ಚೀಪಲು ಏನಾದರೂ ಕೊಟ್ಟರೆ ಕೂಸು ಕಡಿಮೆ ಅಳುತ್ತದೆಂಬುದನ್ನು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಆದ್ದರಿಂದ ಚೀಪುವ ಮಗುವನ್ನು ‘ಕೆಟ್ಟ ಚಟದ ಮಗು’ ಎನ್ನುವುದು ತಪ್ಪು. ಪ್ರಕೃತಿ ಕೊಟ್ಟ ಸಮಾಧಾನದ ಉಪಾಯವನ್ನೇ ಅದು ಬಳಸುತ್ತಿದೆ. ನಾಲ್ಕು ತಿಂಗಳ ವೇಳೆಗೆ ಈ ಪರಾವರ್ತಿತ ಪ್ರತಿಕ್ರಿಯೆ ಮಗುವಿನ ಇಚ್ಛೆಗೆ ಒಳಪಟ್ಟ ಕ್ರಿಯೆಯಾಗಿ ಮಾರ್ಪಡುತ್ತದೆ. ಆಮೇಲೂ ಉಳಿದುಕೊಂಡದ್ದನ್ನು ಅಭ್ಯಾಸವೆನ್ನಬೇಕು.

ಚೀಪುತೊಟ್ಟಿನ ಚರಿತ್ರೆ

ಅಳುವ ಮಗುವಿನ ಬಾಯಿಗೆ ಏನನ್ನಾದರೂ ಕೊಡುವುದು ಹೊಸ ರೂಢಿಯಲ್ಲ. ಯೂರೋಪಿನಲ್ಲಿ ಬಟ್ಟೆಯ ತುಂಡಿನಲ್ಲಿ ಸಕ್ಕರೆಯನ್ನೋ ರೊಟ್ಟಿಯ ಚೂರನ್ನೋ ಗಂಟುಕಟ್ಟಿ ಕೊಡುತ್ತಿದ್ದರು. ಜರ್ಮನಿಯ ಪ್ರಸಿದ್ಧ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್ 1506ರಲ್ಲಿ ಬರೆದ ತಾಯಿ-ಮಗುವಿನ ಚಿತ್ರವೊಂದರಲ್ಲಿ ಮಗುವಿನ ಕೈಯಲ್ಲಿ ಇಂಥದೇ ಬಟ್ಟೆಯ ಗಂಟಿದೆ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದ ಮೇಲೆ ರಬ್ಬರಿನ ತೊಟ್ಟು ಸಾಧ್ಯವಾಯಿತು. 1845ರಲ್ಲಿ ಎಲೈಜಾ ಪ್ರ್ಯಾಟ್ ಎಂಬಾತ ಬಾಟಲಿಯ ರಬ್ಬರ್ ತೊಟ್ಟಿಗೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದನು. ತೊಟ್ಟು, ತುಟಿಯ ಹೊರಗೆ ನಿಲ್ಲುವ ಬಿಲ್ಲೆ, ಹಿಡಿಯುವ ಬಳೆ ಈ ಮೂರೂ ಇರುವ ಇಂದಿನ ರೂಪಕ್ಕೆ ನ್ಯೂಯಾರ್ಕಿನ ಕ್ರಿಶ್ಚಿಯನ್ ಮೈನೆಕೆ 1900ರಲ್ಲಿ ಹಕ್ಕು ಪಡೆದನು. ಈಗ ರಬ್ಬರಿನ ಬದಲು ಸಿಲಿಕೋನಿನಿಂದ ಮಾಡಿದ ತೊಟ್ಟುಗಳೂ ದೊರೆಯುತ್ತವೆ.

ನಮ್ಮ ಹಳ್ಳಿಗಳಲ್ಲಿ ಈ ವಸ್ತು ಈಚಿನದು. ಇಲ್ಲಿ ಕೂಸನ್ನು ಸಮಾಧಾನಪಡಿಸುತ್ತಿದ್ದುದು ತಾಯಿಯ ಎದೆ, ಅಜ್ಜಿಯ ತೊಡೆ, ತೊಟ್ಟಿಲು ಮತ್ತು ಜೋಗುಳ. ಕೈಗೆ ಕೊಡಲು ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ ಇತ್ತು. ಮನೆ ಚಿಕ್ಕದಾಗಿ, ತಾಯಂದಿರು ಹೊರಗಿನ ಕೆಲಸಕ್ಕೂ ಹೋಗತೊಡಗಿದಂತೆ, ಅತ್ತಾಗ ಎತ್ತಿಕೊಳ್ಳುವ ಕೈಗಳು ಕಡಿಮೆಯಾದವು. ಅಂಗಡಿಯ ತೊಟ್ಟು ಆ ಸ್ಥಾನಕ್ಕೆ ಬಂದಿತು. ಇದನ್ನು ನೆನಪಿನಲ್ಲಿಡೋಣ, ಮುಂದೆ ಉಪಯೋಗಕ್ಕೆ ಬರುತ್ತದೆ.

ಒಳಿತೆಷ್ಟು, ಕೆಡುಕೆಷ್ಟು?

ಚೀಪುತೊಟ್ಟಿನಿಂದ ಒಳಿತೇ ಇಲ್ಲವೆನ್ನಲಾಗದು. ಕಾರಣ ತಿಳಿಯದೆ ನಿದ್ರೆಯಲ್ಲೇ ಸಂಭವಿಸುವ ಶಿಶುಮರಣವನ್ನು ಕುರಿತು ಬಹು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಮಲಗುವಾಗ ಚೀಪುತೊಟ್ಟು ಬಳಸುವ ಶಿಶುಗಳಲ್ಲಿ ಇಂಥ ಮರಣ ಕಡಿಮೆಯೆಂದು ಕಂಡುಬಂದುದರಿಂದ ಅಮೆರಿಕದ ಶಿಶುವೈದ್ಯರ ಸಂಘವು, ಮೊದಲ ವರ್ಷದಲ್ಲಿ ನಿದ್ರೆಯ ವೇಳೆಗೆ ಅದನ್ನು ಕೊಡಬಹುದೆಂದು 2005ರಲ್ಲಿ ಸಲಹೆ ಮಾಡಿತು. ಆದರೆ ಎದೆಹಾಲು ಕುಡಿಯುವುದು ಚೆನ್ನಾಗಿ ನೆಲೆಗೊಂಡ ಮೇಲೆ ಮಾತ್ರ ಎಂಬ ಷರತ್ತನ್ನೂ ಹಾಕಿತು.

ಈ ಷರತ್ತು ಮುಖ್ಯ. ಹಸಿದ ಕೂಸು ಎದೆಗಾಗಿ ಹುಡುಕುವಾಗ ಬಾಯಿಗೆ ರಬ್ಬರು ಕೊಟ್ಟರೆ ಹಾಲುಣಿಸುವ ಸರದಿ ತಪ್ಪುತ್ತದೆ. ಕೂಸು ಕುಡಿದಷ್ಟೂ ಹಾಲು ಊರುವುದರಿಂದ, ಸರದಿ ತಪ್ಪಿದಂತೆ ಹಾಲೂ ಕಡಿಮೆಯಾಗುತ್ತದೆ. ಈ ಕಾರಣಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಎದೆಹಾಲಿನ ಶಿಶುವಿಗೆ ಕೃತಕ ತೊಟ್ಟು ಕೊಡಲೇಬಾರದೆಂದು ಹೇಳಿದ್ದವು. 2018ರಲ್ಲಿ ಈ ಸೂತ್ರವನ್ನು ತಿದ್ದಿ, ಅದರ ಬಳಕೆಯನ್ನೂ ಅಪಾಯಗಳನ್ನೂ ತಾಯಂದಿರಿಗೆ ತಿಳಿಸಿಹೇಳಬೇಕೆಂದು ಮಾಡಿದವು.

ವರ್ಷ ಕಳೆದಂತೆ ಒಳಿತು ಕಡಿಮೆಯಾಗಿ ಕೆಡುಕು ಬೆಳೆಯುತ್ತದೆ. ಮೊದಲನೆಯದು ಹಲ್ಲಿನದು. ಹಲ್ಲುಗಳು ಸಾಲಾಗಿ ನಿಲ್ಲುವುದು ಎರಡು ಬಲಗಳ ಸಮತೋಲದಿಂದ. ಒಳಗಿನಿಂದ ನಾಲಗೆ ಹೊರಕ್ಕೆ ಒತ್ತುತ್ತದೆ. ಹೊರಗಿನಿಂದ ತುಟಿಕೆನ್ನೆಗಳು ಒಳಕ್ಕೆ ಒತ್ತುತ್ತವೆ. ನಡುವೆ ತೊಟ್ಟೊಂದು ಗಂಟೆಗಟ್ಟಲೆ ಇದ್ದರೆ ನಾಲಗೆ ಕೆಳಗೆ ಸರಿಯುತ್ತದೆ, ಕೆನ್ನೆಗಳು ಚೀಪುವ ಸೆಳೆತದಲ್ಲಿ ಮೇಲ್ದವಡೆಯನ್ನು ಒತ್ತುತ್ತವೆ. ಎಳೆಯ ಎಲುಬು ಮೆತ್ತಗಿರುವುದರಿಂದ ನಿರಂತರವಾದ ಸಣ್ಣ ಒತ್ತಡಕ್ಕೂ ಬಾಗುತ್ತದೆ. ಆಗ ಮುಂದಿನ ಮೇಲು-ಕೆಳಗಿನ ಹಲ್ಲುಗಳು ಕೂಡದೆ ನಡುವೆ ಸಂದು ಉಳಿಯುತ್ತದೆ. ಮೇಲ್ದವಡೆ ಕಿರಿದಾಗಿ ದವಡೆಹಲ್ಲುಗಳು ಸರಿಯಾಗಿ ಹೊಂದುವುದಿಲ್ಲ.

ಇಲ್ಲೊಂದು ಸಮಾಧಾನದ ವಿಷಯವಿದೆ. ಮೂರು ವರ್ಷದೊಳಗೆ ಅಭ್ಯಾಸ ನಿಂತರೆ ಮುಂದಿನ ಹಲ್ಲುಗಳ ಸಂದು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇಪ್ಪತ್ತು ಹಾಲುಹಲ್ಲುಗಳು ಹುಟ್ಟಿ ಮುಗಿಯುವುದು ಸುಮಾರು ಎರಡೂವರೆ-ಮೂರು ವರ್ಷಕ್ಕೆ. ಶಾಶ್ವತ ಹಲ್ಲುಗಳು ಬರುವುದು ಸುಮಾರು ಆರು ವರ್ಷಕ್ಕೆ. ಮೂರರಾಚೆಗೆ ಅಭ್ಯಾಸ ಮುಂದುವರಿದಷ್ಟೂ ದವಡೆಯ ವಕ್ರತೆ ಉಳಿಯುವ ಸಂಭವ ಹೆಚ್ಚು. ಜಡೆಯ ಆ ಮನೆಯವರು ಬಿಡಿಸಬೇಕೆಂದು ಯೋಚಿಸುತ್ತಿದ್ದುದು ಸರಿಯಾದ ಕಾಲದಲ್ಲಿಯೇ, ಆದರೆ ಗಾಬರಿಯ ಅಗತ್ಯವಿರಲಿಲ್ಲ.

ಎರಡನೆಯದು ಕಿವಿಯದು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡವಾಗಿಯೂ ಅಡ್ಡವಾಗಿಯೂ ಇರುವುದರಿಂದ ಗಂಟಲಿನ ಸೋಂಕು ಸುಲಭವಾಗಿ ಕಿವಿಗೆ ಹೋಗುತ್ತದೆ. ಫಿನ್ಲೆಂಡಿನ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚೀಪುತೊಟ್ಟನ್ನು ನಿದ್ರೆ ಬರುವ ಹೊತ್ತಿಗೆ ಮಾತ್ರ ಮಿತಿಗೊಳಿಸುವಂತೆ ತಾಯಿತಂದೆಯರಿಗೆ ಸಲಹೆ ಕೊಟ್ಟ ಗುಂಪಿನಲ್ಲಿ ಕಿವಿಯ ಸೋಂಕು ಶೇಕಡ 29ರಷ್ಟು ಕಡಿಮೆಯಾಯಿತು. ಪೂರ್ತಿ ಬಿಡಿಸದೆ ಬರಿಯ ಮಿತಿಗೊಳಿಸಿದ್ದರಿಂದಲೇ ಇಷ್ಟು ಪ್ರಯೋಜನವಾಯಿತೆಂಬುದನ್ನು ಗಮನಿಸಬೇಕು.

ಮೂರನೆಯದು ಶುಚಿತ್ವದ್ದು. ನೆಲಕ್ಕೆ ಬಿದ್ದ ತೊಟ್ಟನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗಿಟ್ಟರೆ ಭೇದಿಯ ರೋಗಾಣುಗಳಿಗೆ ದಾರಿಯಾಗುತ್ತದೆ. ಕೆಲವರು ಮಗು ಬೇಗ ಸುಮ್ಮನಾಗಲೆಂದು ತೊಟ್ಟನ್ನು ಬೆಲ್ಲದ ನೀರಿನಲ್ಲೋ ಜೇನಿನಲ್ಲೋ ಅದ್ದಿ ಕೊಡುತ್ತಾರೆ. ಸಿಹಿಯಿಂದ ಹಾಲುಹಲ್ಲುಗಳು ಹುಳುಕಾಗುತ್ತವೆ. ಜೇನಿನಲ್ಲಿ ಬೊಟುಲಿಸಮ್ ಎಂಬ ವಿಷರೋಗದ ಬೀಜಾಣುಗಳು ಇರಬಹುದಾದ್ದರಿಂದ ವರ್ಷ ತುಂಬದ ಶಿಶುವಿಗೆ ಅದನ್ನು ನಾಲಗೆಗೆ ಸವರುವುದೂ ಅಪಾಯ.

ನಾಲ್ಕನೆಯದನ್ನು ನಾವು ಜಗಲಿಯ ಮೇಲೆಯೇ ಕಂಡೆವು. ಹಗಲೆಲ್ಲ ಬಾಯಿ ಮುಚ್ಚಿದ್ದರೆ ಮಾತಾಡುವ ಅವಕಾಶ ಕಡಿಮೆ. ಮಾತನ್ನು ಮಕ್ಕಳು ಕಲಿಯುವುದು ಆಡಿ, ತಪ್ಪಿ, ತಿದ್ದಿಕೊಂಡು. ತನ್ನ ಹೆಸರನ್ನು ಹೇಳಿದ ಮಗುವಿಗೆ, ಅದು ಕೇಳಿದವರಿಗೆ ತಿಳಿಯಿತೆಂಬ ಸಂತೋಷ ದೊರೆಯದೆ ಹೋಯಿತು.

ಅಭ್ಯಾಸ ಏಕೆ ಬಿಗಿಯಾಗಿ ಹಿಡಿಯುತ್ತದೆ?

ರಷ್ಯದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ವಿದ್ಯಾರ್ಥಿಗಳಿಗೆ ತಿಳಿದವೇ. ಆಹಾರಕ್ಕೆ ಮುಂಚೆ ಪ್ರತಿಸಲವೂ ಒಂದು ಸಂಕೇತವನ್ನು ಕೊಡುತ್ತ ಬಂದರೆ, ಕೆಲಕಾಲದ ಮೇಲೆ ಬರಿಯ ಸಂಕೇತಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಇದು ಅನುಬಂಧಿತ ಪ್ರತಿಕ್ರಿಯೆ. ಮಗುವಿನ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ದಿನವೂ ಹಾಸಿಗೆ, ಕತ್ತಲೆ, ಬಾಯಲ್ಲಿ ತೊಟ್ಟು, ಆಮೇಲೆ ನಿದ್ರೆ. ಈ ಸರಪಣಿ ನೂರಾರು ರಾತ್ರಿ ನಡೆದ ಮೇಲೆ ತೊಟ್ಟು ನಿದ್ರೆಯ ಸಂಕೇತವಾಗಿಬಿಡುತ್ತದೆ. ನಡುರಾತ್ರಿ ಎಚ್ಚರವಾದಾಗ ತೊಟ್ಟು ಬಾಯಲ್ಲಿಲ್ಲದಿದ್ದರೆ ಮಗು ಅಳುವುದು ಹಟದಿಂದಲ್ಲ. ನಿದ್ರೆಗೆ ಹಿಂದಿರುಗುವ ದಾರಿ ಅದಕ್ಕೆ ಗೊತ್ತಿರುವುದು ಅದೊಂದೇ.

ಸಮಾಧಾನವೆಂಬುದು ಆಹಾರಕ್ಕಿಂತ ಬೇರೆಯಾದ ಅಗತ್ಯವೆಂಬುದನ್ನು ಅಮೆರಿಕದ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ತಾಯಿಯಿಂದ ಅಗಲಿದ ಕೋತಿಮರಿಗಳ ಮುಂದೆ ಎರಡು ಬೊಂಬೆಗಳನ್ನು ನಿಲ್ಲಿಸಲಾಗಿತ್ತು. ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ಹಾಲು ತಂತಿಯ ಬೊಂಬೆಯಲ್ಲಿ ದೊರೆಯುತ್ತಿದ್ದಾಗಲೂ ಮರಿಗಳು ಕುಡಿದು ಬಂದು ದಿನದ ಬಹುಭಾಗ ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡಿರುತ್ತಿದ್ದವು. ಲಂಡನ್ನಿನ ಶಿಶುವೈದ್ಯ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಮಗು ತಾಯಿಯಿಂದ ಸ್ವಲ್ಪಸ್ವಲ್ಪವಾಗಿ ಬೇರೆಯಾಗುವ ಕಾಲದಲ್ಲಿ ಹಳೆಯ ಬಟ್ಟೆಯ ತುಂಡೊಂದನ್ನೋ ಬೊಂಬೆಯನ್ನೋ ನೆಚ್ಚಿಕೊಳ್ಳುವುದು ಸಹಜವೂ ಆರೋಗ್ಯಕರವೂ ಆದ ಘಟ್ಟವೆಂದು ವಿವರಿಸಿದನು.

ಇನ್ನೊಂದು ನಿಯಮವನ್ನೂ ತಿಳಿದಿರಬೇಕು. ಸನ್ನೆಕೋಲನ್ನು ಒತ್ತಿದರೆ ಕಾಳು ಬೀಳುವ ಪೆಟ್ಟಿಗೆಯಲ್ಲಿ ಬಿ. ಎಫ್. ಸ್ಕಿನ್ನರ್ ಇಲಿಗಳನ್ನು ಬಿಟ್ಟು ಅವುಗಳ ವರ್ತನೆಯನ್ನು ಅಳೆದನು. ಅವನ ಗ್ರಂಥ 1938ರಲ್ಲಿ ಹೊರಬಂದಿತು. ಈ ಬಗೆಯ ಪ್ರಯೋಗಗಳಿಂದ ಎರಡು ಸಂಗತಿಗಳು ತಿಳಿದವು. ಕಾಳು ಬೀಳುವುದು ನಿಂತ ಕೂಡಲೇ ಪ್ರಾಣಿಯು ಒತ್ತುವುದನ್ನು ಬಿಡುವುದಿಲ್ಲ; ಮೊದಲು ಇನ್ನೂ ಜೋರಾಗಿ ಒತ್ತಿ, ಆಮೇಲೆ ಕ್ರಮೇಣ ಬಿಡುತ್ತದೆ. ಎರಡನೆಯದು: ಯಾವಾಗಲೋ ಒಮ್ಮೊಮ್ಮೆ ಕಾಳು ಬೀಳುತ್ತಿದ್ದರೆ ಆ ಅಭ್ಯಾಸವನ್ನು ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಮೂರು ರಾತ್ರಿ ಗಟ್ಟಿಯಾಗಿದ್ದು ನಾಲ್ಕನೆಯ ರಾತ್ರಿ ಅಳು ತಾಳಲಾರದೆ ತೊಟ್ಟು ಕೊಟ್ಟುಬಿಡುವ ಮನೆಯವರು, ತಮಗರಿವಿಲ್ಲದೆ ಈ ಎರಡನೆಯ ಪ್ರಯೋಗವನ್ನೇ ನಡೆಸುತ್ತಿರುತ್ತಾರೆ. ಹೆಚ್ಚು ಹೊತ್ತು ಅತ್ತರೆ ಸಿಗುತ್ತದೆಂಬುದನ್ನು ಮಗು ಕಲಿಯುತ್ತದೆ.

ಬೇವು ಮತ್ತು ಬಾವಿ

ಈಗ ಅಜ್ಜಿಯ ಸಲಹೆಯನ್ನು ಪರಿಶೀಲಿಸೋಣ. ಕಹಿ ಹಚ್ಚಿದರೆ ಮಗು ತೊಟ್ಟನ್ನು ಉಗುಳುತ್ತದೆ, ನಿಜ. ಆದರೆ ಇದುವರೆಗೆ ಸಮಾಧಾನ ಕೊಡುತ್ತಿದ್ದ ವಸ್ತು ಹೇಳದೆ ಕೇಳದೆ ಕಹಿಯಾದಾಗ ಮಗುವಿಗೆ ಕಹಿಯ ಪಾಠವಷ್ಟೇ ಆಗುತ್ತದೆ. ನಿದ್ರೆಗೆ ಬೇರೆ ದಾರಿ ಸಿಗುವುದಿಲ್ಲ. ಅನೇಕ ಮಕ್ಕಳು ಆಗ ಹೆಬ್ಬೆರಳನ್ನು ಬಾಯಿಗಿಡುತ್ತಾರೆ. ತೊಟ್ಟನ್ನಾದರೆ ಎತ್ತಿಡಬಹುದು, ಹೆಬ್ಬೆರಳನ್ನು ಎತ್ತಿಡುವಂತಿಲ್ಲ! ಇದಲ್ಲದೆ ಸೊಪ್ಪು ಸಿಗದಾಗ ಬೇವಿನ ಎಣ್ಣೆ ಹಚ್ಚುವವರಿದ್ದಾರೆ. ಬೇವಿನ ಎಣ್ಣೆಯನ್ನು ನುಂಗಿದ ಎಳೆಯ ಮಕ್ಕಳಲ್ಲಿ ವಾಂತಿ, ಅಪಸ್ಮಾರ, ಪ್ರಜ್ಞೆ ತಪ್ಪುವಿಕೆ ಕಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮೆಣಸಿನಕಾಯಿಯ ಮಾತಂತೂ ಬೇಡವೇ ಬೇಡ. ತೊಟ್ಟಿನ ತುದಿಯನ್ನು ಕತ್ತರಿಸಿ ಕೊಡುವ ಉಪಾಯವೂ ಅಪಾಯಕರ. ಹರಿದ ಚೂರು ಗಂಟಲಿಗೆ ಸಿಕ್ಕಬಹುದು.

ಸೋದರಮಾವನ ಬಾವಿಯ ಉಪಾಯದಲ್ಲಿ ಒಂದು ಗುಣವುಂಟು: ಎಸೆದುದನ್ನು ಮತ್ತೆ ಕೊಡಲಾಗದು, ಆದ್ದರಿಂದ ಒಮ್ಮೊಮ್ಮೆ ಕೊಡುವ ತಪ್ಪು ನಡೆಯದು. ಕೆಲವು ಮಕ್ಕಳು ಹೀಗೂ ಎರಡು ಮೂರು ದಿನ ಅತ್ತು ಬಿಡುವುದುಂಟು. ಆದರೆ ಬದಲಿಯನ್ನು ಸಿದ್ಧಮಾಡದೆ ಎಸೆದರೆ ಮನೆಯವರ ಧೈರ್ಯ ಮೊದಲನೆಯ ರಾತ್ರಿಯೇ ಕುಸಿದು, ಬೆಳಗ್ಗೆ ಅಂಗಡಿಯಿಂದ ಹೊಸದು ಬರುತ್ತದೆ.

ನಾಚಿಕೆಪಡಿಸುವುದು, ನೆಂಟರ ಮುಂದೆ ಹಾಸ್ಯಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮನಸ್ಸು ನೊಂದ ಮಗುವಿಗೆ ಸಮಾಧಾನ ಬೇಕು. ಅದಕ್ಕೆ ಗೊತ್ತಿರುವ ಸಮಾಧಾನ ಚೀಪುವುದು. ಬೈದಷ್ಟೂ ಚೀಪುವುದು ಹೆಚ್ಚಾಗುವ ಕಾರಣ ಇದೇ.

ಸರಿಯಾದ ಕ್ರಮ

ಇಷ್ಟರಿಂದ ಒಂದು ತತ್ತ್ವ ಹೊರಡುತ್ತದೆ. ನಾವು ಮಗುವಿನಿಂದ ತೆಗೆದುಕೊಳ್ಳುತ್ತಿರುವುದು ಬರಿಯ ರಬ್ಬರನ್ನಲ್ಲ, ಸಮಾಧಾನದ ಸಾಧನವನ್ನು. ಆದ್ದರಿಂದ ಬೇರೊಂದು ಸಾಧನವನ್ನು ಮೊದಲು ಕೊಡಬೇಕು, ಆಮೇಲೆ ಇದನ್ನು ತೆಗೆಯಬೇಕು. ಕ್ರಮವನ್ನು ಹೀಗೆ ಹೇಳಬಹುದು.

ಮೊದಲನೆಯದಾಗಿ, ಕಾಲವನ್ನು ಆರಿಸಿಕೊಳ್ಳಬೇಕು. ಮಗುವಿಗೆ ಜ್ವರವಿದ್ದಾಗ, ಮನೆಗೆ ಹೊಸ ಕೂಸು ಬಂದಾಗ, ಊರು ಬಿಟ್ಟು ಹೋಗಬೇಕಾದಾಗ ಆರಂಭಿಸಬಾರದು. ಅಂಗನವಾಡಿಗೆ ಸೇರಿಸುವ ವಾರವೂ ತಕ್ಕುದಲ್ಲ. ಅದಕ್ಕೆ ಒಂದೆರಡು ತಿಂಗಳು ಮುಂಚೆಯೇ ಮುಗಿಸುವುದು ಮೇಲು.

ಎರಡನೆಯದಾಗಿ, ಒಂದು ವಾರ ಬರಿದೇ ಗಮನಿಸಬೇಕು. ಮಗು ಯಾವ ಹೊತ್ತಿನಲ್ಲಿ ತೊಟ್ಟನ್ನು ಕೇಳುತ್ತದೆ? ಹಸಿದಾಗಲೋ, ಬೇಸರವಾದಾಗಲೋ, ಬಿದ್ದು ನೋವಾದಾಗಲೋ, ನಿದ್ರೆ ಬಂದಾಗಲೋ? ಇದನ್ನು ಕಾಗದದಲ್ಲಿ ಬರೆದಿಟ್ಟರೆ, ಯಾವುದಕ್ಕೆ ಏನು ಬದಲಿ ಎಂಬುದು ತಾನಾಗಿಯೇ ಹೊಳೆಯುತ್ತದೆ. ಹಸಿವೆಗೆ ಊಟ, ಬೇಸರಕ್ಕೆ ಆಟ, ನೋವಿಗೆ ಎತ್ತಿಕೊಳ್ಳುವ ಕೈ.

ಮೂರನೆಯದಾಗಿ, ಹಗಲಿನದನ್ನು ನಿಲ್ಲಿಸಬೇಕು. ತೊಟ್ಟು ಹಾಸಿಗೆಯಲ್ಲಿಯೇ ಇರುತ್ತದೆ, ಬೇಕಾದಾಗ ಅಲ್ಲಿಗೇ ಹೋಗಬೇಕು ಎಂಬ ನಿಯಮ ಮಾಡಿದರೆ, ಆಟವನ್ನು ಬಿಟ್ಟು ಹೋಗಲು ಮಗುವಿಗೇ ಮನಸ್ಸಾಗುವುದಿಲ್ಲ. ಕಣ್ಣಿಗೆ ಕಾಣದ ವಸ್ತುವಿನ ಬಯಕೆಯೂ ಕಡಿಮೆ. ಮಾತನಾಡುವಾಗ ತೊಟ್ಟು ತೆಗೆದರೆ, ಆಡಿದ ಮಾತಿಗೆ ಒಡನೆಯೇ ಉತ್ತರ ಕೊಡಬೇಕು.

ನಾಲ್ಕನೆಯದಾಗಿ, ರಾತ್ರಿಗೆ ಹೊಸ ಸರಪಣಿಯನ್ನು ಕಟ್ಟಬೇಕು. ದಿನವೂ ಅದೇ ಹೊತ್ತು, ಅದೇ ಕ್ರಮ: ಮುಖ ತೊಳೆಯುವುದು, ದೀಪ ಸಣ್ಣದು ಮಾಡುವುದು, ಕತೆ, ಜೋಗುಳ, ಬೆನ್ನು ತಟ್ಟುವುದು, ಅಪ್ಪಿಕೊಳ್ಳಲು ಒಂದು ಮೆತ್ತನೆಯ ಬಟ್ಟೆ. ತೊಟ್ಟು ಇರುವಾಗಲೇ ಹತ್ತು ಹದಿನೈದು ದಿನ ಈ ಕ್ರಮ ನಡೆಯಲಿ. ಹಳೆಯ ಸಂಕೇತದ ಪಕ್ಕದಲ್ಲಿ ಹೊಸ ಸಂಕೇತಗಳು ಬೇರೂರುವುದಕ್ಕೆ ಇದರಿಂದ ಅವಕಾಶವಾಗುತ್ತದೆ.

ಐದನೆಯದಾಗಿ, ಮಗುವಿಗೆ ತಿಳಿಸಿ ದಿನ ಗೊತ್ತುಮಾಡಬೇಕು. ಎರಡೂವರೆ ವರ್ಷದ ಮಗು ನಾವೆಣಿಸಿದ್ದಕ್ಕಿಂತ ಹೆಚ್ಚು ಅರ್ಥಮಾಡಿಕೊಳ್ಳುತ್ತದೆ. ‘ಇಲಿ ಕಚ್ಚಿಕೊಂಡು ಹೋಯಿತು’ ಎಂಬ ಸುಳ್ಳು ಬೇಡ. ತೊಟ್ಟನ್ನು ತಾನೇ ಎತ್ತಿಡಲು ಬಿಟ್ಟರೆ ಮಗುವಿಗೆ ಕಳೆದುಕೊಂಡೆನೆಂಬ ಭಾವವಿಲ್ಲದೆ, ತಾನು ಬಿಟ್ಟೆನೆಂಬ ಭಾವ ಬರುತ್ತದೆ. ಆ ದಿನದ ಮೇಲೆ ಮನೆಯವರೆಲ್ಲರದೂ ಒಂದೇ ಮಾತಾಗಿರಬೇಕು. ಅಮ್ಮ ಇಲ್ಲವೆಂದದ್ದನ್ನು ಅಜ್ಜ ಗುಟ್ಟಾಗಿ ಕೊಡುವಂತಿಲ್ಲ. ಮೊದಲ ಎರಡು ಮೂರು ರಾತ್ರಿ ಅಳು ಹೆಚ್ಚಬಹುದು. ಅದು ಸೋಲಿನ ಗುರುತಲ್ಲವೆಂಬುದನ್ನು ಸನ್ನೆಕೋಲಿನ ಪ್ರಯೋಗದಿಂದ ಕಂಡಿದ್ದೇವೆ. ಅಳುವ ಮಗುವನ್ನು ಒಂಟಿಯಾಗಿ ಬಿಡಬೇಕಿಲ್ಲ. ಎತ್ತಿಕೊಳ್ಳಬಹುದು, ನೀರು ಕೊಡಬಹುದು, ಪಕ್ಕದಲ್ಲಿ ಮಲಗಬಹುದು. ತೊಟ್ಟೊಂದನ್ನು ಮಾತ್ರ ಕೊಡಬಾರದು.

ನಾಲ್ಕು ವರ್ಷ ದಾಟಿಯೂ ಅಭ್ಯಾಸ ಬಿಡದಿದ್ದರೆ, ಹಲ್ಲಿನ ಸಂದು ಎದ್ದು ಕಂಡರೆ, ಅಥವಾ ಮಾತು ಬಹಳ ಹಿಂದುಳಿದಿದ್ದರೆ ದಂತವೈದ್ಯರಿಗೋ ಶಿಶುವೈದ್ಯರಿಗೋ ತೋರಿಸಬೇಕು.

ಜಡೆಯಿಂದ ಬಂದ ಸುದ್ದಿ

ಸುಮಾರು ಎರಡು ತಿಂಗಳ ಮೇಲೆ ಆ ಹುಡುಗಿ ನಮಗೆ ಕಾಗದ ಬರೆದಳು. ವಾರವೆಲ್ಲ ಗಮನಿಸಿ ಅವಳು ಪಟ್ಟಿ ಮಾಡಿದ್ದಳು. ತಮ್ಮನು ಹಗಲಿನಲ್ಲಿ ತೊಟ್ಟು ಕೇಳುತ್ತಿದ್ದುದು ಹೆಚ್ಚಾಗಿ ಸಂಜೆ, ಅಮ್ಮ ಕೊಟ್ಟಿಗೆಗೆ ಹೋದ ಹೊತ್ತಿನಲ್ಲಿ. ಆ ಹೊತ್ತಿಗೆ ಅವಳೇ ಅವನನ್ನು ಕರೆದುಕೊಂಡು ಕರುವನ್ನು ನೋಡಲು ಹೋಗತೊಡಗಿದಳು. ನಾಲ್ಕೈದು ದಿನದಲ್ಲಿ ಸಂಜೆಯ ತೊಟ್ಟು ಮರೆತೇ ಹೋಯಿತು. ರಾತ್ರಿಯದು ಅಷ್ಟು ಸುಲಭವಾಗಲಿಲ್ಲ. ಎರಡನೆಯ ರಾತ್ರಿ ಮಗು ಬಹಳ ಹೊತ್ತು ಅತ್ತಿತು. ವಾರ ಕಳೆಯುವಷ್ಟರಲ್ಲಿ ಜ್ವರ ಬಂದು, ಮನೆಯವರು ಕರಗಿ ತೊಟ್ಟು ಕೊಟ್ಟುಬಿಟ್ಟರು. ಜ್ವರ ಬಿಟ್ಟು ಹತ್ತು ದಿನವಾದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿದರು.

ಕೊನೆಗೆ ಕೆಲಸ ಮಾಡಿದ್ದು ಅಜ್ಜಿಯ ಹಳೆಯ ನೂಲಿನ ಸೀರೆಯ ಒಂದು ತುಂಡು. ಬೇವಿನ ಮಾತೆತ್ತಿದ್ದ ಅಜ್ಜಿಯೇ ಅದನ್ನು ಹರಿದುಕೊಟ್ಟು, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಹಾಡು ಹೇಳತೊಡಗಿದರಂತೆ. ಈಗ ಮಗು ಆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಮಲಗುತ್ತದೆ. “ಬಟ್ಟೆಯ ಅಭ್ಯಾಸವಾದರೆ ಏನು ಮಾಡುವುದು?” ಎಂದು ಕಾಗದದ ಕೊನೆಯಲ್ಲಿ ಅವಳು ಕೇಳಿದ್ದಳು. ಚಿಂತೆಯಿಲ್ಲವೆಂದು ನಾವು ಉತ್ತರ ಬರೆದೆವು. ಬಟ್ಟೆ ಹಲ್ಲನ್ನು ಬಾಗಿಸುವುದಿಲ್ಲ, ಮಾತನ್ನು ತಡೆಯುವುದಿಲ್ಲ. ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮಗು ದೊಡ್ಡದಾದಂತೆ ತಾನಾಗಿಯೇ ಅದನ್ನು ಮರೆಯುತ್ತದೆ.

ಅಂಗನವಾಡಿಯ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಮೊದಲಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಅದು ಊರೂರಿಗೂ ಬಂದಿದೆ. ಮೂರು ತುಂಬಿದ ಮಗು ಅಲ್ಲಿಗೆ ಹೋಗಿ ಮೊದಲು ಮಾಡುವ ಕೆಲಸ ತನ್ನ ಹೆಸರು ಹೇಳುವುದು. ಜಡೆಯ ಆ ಮಗು ಈಗ ಅದನ್ನು ಸ್ಪಷ್ಟವಾಗಿ ಹೇಳುತ್ತದೆಂದು ಅಕ್ಕ ಬರೆದಿದ್ದಾಳೆ.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಕೆಲಸ

1. ಮನೆಯಲ್ಲಿ ಎಳೆಯ ಕೂಸಿದ್ದರೆ, ಬಾಟಲಿಯಲ್ಲಿ ಅಥವಾ ಎದೆಯಲ್ಲಿ ಹಾಲು ಕುಡಿಯುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಚೀಪುತ್ತದೆಂಬುದನ್ನು ತಾಯಿಯ ಅನುಮತಿಯಿಂದ ಎಣಿಸಿರಿ. ಬರಿದೇ ಬೆರಳು ಚೀಪುವಾಗಲೂ ಎಣಿಸಿರಿ. ನಡುವೆ ನಿಲ್ಲಿಸಿದ ಹೊತ್ತನ್ನು ಬಿಟ್ಟು ಎರಡನ್ನೂ ಹೋಲಿಸಿರಿ.

2. ಉಗುರು ಕಚ್ಚುವುದು, ಓದುವಾಗ ಕಾಲು ಕುಣಿಸುವುದು ಮೊದಲಾದ ನಿಮ್ಮದೇ ಅಭ್ಯಾಸವೊಂದನ್ನು ಆರಿಸಿ, ಅದು ಯಾವ ಹೊತ್ತಿನಲ್ಲಿ ಬರುತ್ತದೆಂಬುದನ್ನು ಒಂದು ವಾರ ಬರೆದಿಡಿರಿ. ಅದಕ್ಕೊಂದು ಬದಲಿಯನ್ನು ಕಂಡುಕೊಂಡು ಬಿಡಲು ಯತ್ನಿಸಿರಿ. ಎರಡೂವರೆ ವರ್ಷದ ಮಗುವಿನಿಂದ ನಾವು ಕೇಳುತ್ತಿರುವುದು ಎಷ್ಟು ದೊಡ್ಡ ಕೆಲಸವೆಂಬುದು ಆಗ ತಿಳಿಯುತ್ತದೆ.